ಶಾಲು ಹೊದೆಸಿದ ಕೈಗಳು ಬೀಗದ ಕೈಯನ್ನೂ ಕೊಡಲಿ

ಆಗಸ್ಟ್ 15 ಬಂತೆಂದರೆ ಥಾಣೆಯಿಂದ ಪನ್ವೇಲ್‌ವರೆಗಿನ ಕನ್ನಡ ಸಂಘಗಳ ವೇದಿಕೆಗಳಲ್ಲಿ ಒಂದು ದೃಶ್ಯ ಕಾಣಸಿಗುವುದುಂಟು. ಧ್ವಜಾರೋಹಣವಾದ ಬಳಿಕ ಒಬ್ಬ ಯೋಧರನ್ನೋ, ನಿವೃತ್ತ ಸುಬೇದಾರರನ್ನೋ ಕುರ್ಚಿಯಲ್ಲಿ ಕುಳ್ಳಿರಿಸಿ ಶಾಲು ಹೊದೆಸಿ, ಹಾರ ಹಾಕಿ, ಫಲಪುಷ್ಪ, ಸ್ಮರಣಿಕೆ ನೀಡಿ ಗೌರವಿಸಲಾಗುತ್ತದೆ. ಸಭಿಕರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ಸಂಘದ ಸುದ್ದಿಯೊಂದಿಗೆ ಚಿತ್ರವೂ ಅಚ್ಚಾಗುತ್ತದೆ. ಇದು ಒಳ್ಳೆಯ ಸಂಪ್ರದಾಯ, ನಿಲ್ಲಬೇಕಾಗಿಲ್ಲ. ಆದರೆ ಅಂಥದೇ ಒಬ್ಬ ಯೋಧನ ಹೆಂಡತಿ ಎರಡು ಮಕ್ಕಳ ಕೈಹಿಡಿದು ಅದೇ ಬಡಾವಣೆಯಲ್ಲಿ ಬಾಡಿಗೆ ಮನೆ ಕೇಳಿಕೊಂಡು ಬಂದಾಗ ಏನಾಗುತ್ತದೆ? "ಯಜಮಾನರು ಎಲ್ಲಿರುತ್ತಾರೆ?" ಎಂಬುದು ಮೊದಲ ಪ್ರಶ್ನೆ. ಹಡಗಿನಲ್ಲಿ ಎಂದೋ, ಲಡಾಖ್‌ನಲ್ಲಿ ಎಂದೋ, ಕಾಂಗೋ ದೇಶದಲ್ಲಿ ಶಾಂತಿಪಾಲನಾ ಪಡೆಯಲ್ಲಿ ಎಂದೋ ಉತ್ತರ ಬಂದರೆ ಎರಡನೆಯ ಪ್ರಶ್ನೆಯೇ ಇರುವುದಿಲ್ಲ. "ಮನೆಯವರನ್ನು ಕೇಳಿ ಹೇಳುತ್ತೇವೆ" ಎಂಬ ಮಾತಿಗೆ ಈ ಊರಿನಲ್ಲಿ ಏನರ್ಥ ಎಂಬುದು ಬಾಡಿಗೆ ಮನೆ ಹುಡುಕಿದ ಎಲ್ಲರಿಗೂ ಗೊತ್ತು.

ಗಂಡ ದೂರದಲ್ಲಿದ್ದಾನೆ ಎಂಬುದು ಮನೆ ಕೊಡಲು ಕಾರಣವಾಗಬೇಕಿತ್ತು. ಅದೇ ನಿರಾಕರಣೆಗೆ ಕಾರಣವಾಗುತ್ತಿರುವುದು ಯೋಚಿಸಬೇಕಾದ ವಿಷಯ.

ಅಮೆರಿಕದಂತಹ ದೇಶಗಳು ಜಪಾನ್, ಜರ್ಮನಿಗಳಲ್ಲಿ ನೆಲೆಗೊಳಿಸಿರುವ ಸೈನಿಕರ ಪೈಕಿ ಅನೇಕರ ಜೊತೆ ಹೆಂಡತಿ ಮಕ್ಕಳೂ ಹೋಗುತ್ತಾರೆ. ಅಲ್ಲಿ ನೆಲೆಯೊಳಗೆ ಮನೆ, ಇಲ್ಲವೇ ಹೊರಗಿನ ಬಾಡಿಗೆಗೆ ಭತ್ಯೆ, ಮನೆ ಹುಡುಕಿಕೊಡಲು ಒಂದು ಕಚೇರಿ, ಎಲ್ಲವೂ ಇರುತ್ತವೆ. ಭಾರತದ ಪದ್ಧತಿ ಬೇರೆ. ಭೂತಾನಿನ ತರಬೇತಿ ತಂಡ, ರಾಯಭಾರ ಕಚೇರಿಗಳ ಸೇನಾ ಪ್ರತಿನಿಧಿಗಳು ಮೊದಲಾದ ಕೆಲವರನ್ನು ಬಿಟ್ಟರೆ ಸಮುದ್ರದಾಚೆ ಹೋಗುವ ಯೋಧ ಒಬ್ಬನೇ ಹೋಗುತ್ತಾನೆ. ಕಳೆದ ಏಳು ದಶಕಗಳಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನೆಗೆಂದು ಭಾರತದಿಂದ ಹೋದವರು ಎರಡೂವರೆ ಲಕ್ಷಕ್ಕೂ ಮಿಕ್ಕಿದ್ದಾರೆ. ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯನವರು ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯ ದಂಡನಾಯಕರಾಗಿದ್ದಾಗಲೇ, 1965ರ ಡಿಸೆಂಬರ್‌ನಲ್ಲಿ ಕೊನೆಯುಸಿರೆಳೆದರು ಎಂಬುದನ್ನು ಕನ್ನಡಿಗರು ಹೆಮ್ಮೆಯಿಂದ ನೆನೆಯುತ್ತಾರೆ. ಏಡನ್ ಕೊಲ್ಲಿಯಲ್ಲಿ ಕಡಲ್ಗಳ್ಳರನ್ನು ತಡೆಯಲು 2008ರ ಅಕ್ಟೋಬರ್‌ನಿಂದ ನೌಕಾಪಡೆಯ ಹಡಗುಗಳು ಸರದಿಯಂತೆ ಪಹರೆಗೆ ಹೋಗುತ್ತಿವೆ. ಹೀಗೆ ಹೋದವರೆಲ್ಲರ ಮನೆಮಂದಿ ಇರುವುದು ಈ ದಡದಲ್ಲೇ. ಆ ಮನೆ ಎಲ್ಲಿರಬೇಕು, ಯಾರು ಹುಡುಕಬೇಕು ಎಂಬ ಹೊಣೆ ಬಹುಪಾಲು ಹೆಂಡತಿಯ ಹೆಗಲಿಗೇ ಬೀಳುತ್ತದೆ.

ಸರಕಾರ ಕೈಕಟ್ಟಿ ಕುಳಿತಿಲ್ಲ ಎಂಬುದನ್ನೂ ಹೇಳಬೇಕು. ಸೇನೆ, ನೌಕಾಪಡೆ, ವಾಯುಪಡೆಗಳಿಗೆ ಸುಮಾರು 2 ಲಕ್ಷ ಸಂಸಾರದ ಮನೆಗಳನ್ನು ಹಂತಹಂತವಾಗಿ ಕಟ್ಟುವ ಯೋಜನೆಗೆ 2002ರಲ್ಲಿ ಚಾಲನೆ ಸಿಕ್ಕಿತು. ಕುಟುಂಬವನ್ನು ಕರೆದೊಯ್ಯಲಾಗದ ಕಡೆಗೆ ವರ್ಗವಾದವರ ಹೆಂಡತಿ ಮಕ್ಕಳಿಗೆಂದೇ ಕೆಲವು ಊರುಗಳಲ್ಲಿ ಪ್ರತ್ಯೇಕ ಕ್ವಾರ್ಟರ್ಸ್‌ಗಳಿವೆ. ಸ್ವಂತ ಮನೆ ಕೊಳ್ಳುವವರಿಗಾಗಿ ಸೇನೆಯ ವಸತಿ ಸಂಸ್ಥೆ 1978ರಿಂದಲೂ, ವಾಯುಪಡೆ ಮತ್ತು ನೌಕಾಪಡೆಯ ವಸತಿ ಮಂಡಳಿ 1980ರಿಂದಲೂ ಕೆಲಸ ಮಾಡುತ್ತಿವೆ. ಖಾರ್ಘರ್‌ನ ಜಲವಾಯು ವಿಹಾರ ಇಂತಹ ಪ್ರಯತ್ನದ ಫಲ. ಮ್ಹಾಡಾ ಮತ್ತು ಸಿಡ್ಕೋ ಲಾಟರಿಗಳಲ್ಲಿಯೂ ಸೈನಿಕರಿಗೆ, ಮಾಜಿ ಸೈನಿಕರಿಗೆ ಪಾಲು ಇದೆ. ಆದರೆ ಲಾಟರಿ ಎಂದರೆ ಲಾಟರಿ. ಕ್ವಾರ್ಟರ್ಸ್ ಎಂದರೆ ಸರದಿ. ಸರದಿ ಬರುವವರೆಗೆ ಮಕ್ಕಳ ಶಾಲೆ ಕಾಯುವುದಿಲ್ಲ.

ಕಾರವಾರದಿಂದ ಮುಂಬಯಿಗೆ ವರ್ಗವಾದ ಒಬ್ಬ ನಾವಿಕನ ಸಂಸಾರವನ್ನು ಕಣ್ಣಮುಂದೆ ತಂದುಕೊಂಡರೆ ವಿಷಯ ಸ್ಪಷ್ಟವಾಗುತ್ತದೆ. 2005ರಲ್ಲಿ ಕಾರವಾರದ ಅರಗದಲ್ಲಿ ಐಎನ್‌ಎಸ್ ಕದಂಬ ನೆಲೆ ಆರಂಭವಾದ ಮೇಲೆ ಆ ಕರಾವಳಿಗೂ ಮುಂಬಯಿಗೂ ನೌಕಾಪಡೆಯವರ ಓಡಾಟ ಮಾಮೂಲಾಗಿದೆ. ಆದೇಶ ಬಂದ ಕೆಲವೇ ವಾರಗಳಲ್ಲಿ ಗಂಟುಮೂಟೆ ಕಟ್ಟಬೇಕು. ಕೊಲಾಬಾದ ನೇವಿನಗರದಲ್ಲಿ ಮನೆ ಖಾಲಿಯಿಲ್ಲದಿದ್ದರೆ ಹೊರಗೆ ಹುಡುಕಬೇಕು. ದಕ್ಷಿಣ ಮುಂಬಯಿಯ ಬಾಡಿಗೆ ಯಾವ ನಾವಿಕನ ಕೈಗೂ ಎಟಕುವಂಥದ್ದಲ್ಲ. ಆಗ ಉಳಿಯುವುದು ಡೊಂಬಿವಲಿ, ಕಲ್ಯಾಣ್, ಇಲ್ಲವೇ ಹಾರ್ಬರ್ ಲೈನಿನ ನವಿಮುಂಬಯಿ.

ಲೆಕ್ಕ ಹಾಕಿ ನೋಡಬಹುದು. ಏಳನೇ ವೇತನ ಆಯೋಗದ ಕೋಷ್ಟಕದಲ್ಲಿ ಸಿಪಾಯಿಯ ಅಥವಾ ನಾವಿಕನ ಮೂಲ ವೇತನ 21,700 ರೂಪಾಯಿಯಿಂದ ಆರಂಭವಾಗುತ್ತದೆ, ಹವಾಲ್ದಾರರದ್ದು 29,200ರಿಂದ. ಬೃಹನ್ಮುಂಬಯಿ ಮತ್ತು ಅದಕ್ಕಂಟಿದ ಊರುಗಳಿಗೆ ಬಾಡಿಗೆ ಭತ್ಯೆ 2024ರ ಜನವರಿಯಿಂದ ಮೂಲ ವೇತನದ ಶೇಕಡಾ 30 ಆಯಿತು. ಅಂದರೆ ಆರಂಭದ ವೇತನದವನಿಗೆ 6,510 ರೂಪಾಯಿ, ಹವಾಲ್ದಾರನಿಗೆ 8,760. ಈ ಹಣಕ್ಕೆ ಸ್ಟೇಷನ್ನಿಗೆ ನಡೆದು ಹೋಗುವಷ್ಟು ದೂರದಲ್ಲಿ ಎಂಥ ಮನೆ ಸಿಗುತ್ತದೆ ಎಂದು ಡೊಂಬಿವಲಿಯವರಿಗೆ ಹೇಳಿಕೊಡಬೇಕಾಗಿಲ್ಲ. ಅದರ ಮೇಲೆ ಡಿಪಾಸಿಟ್, ದಲಾಲಿ, ಪ್ಯಾಕರ್ಸ್‌ನವರ ಖರ್ಚು. ಎರಡು ಮೂರು ವರ್ಷಕ್ಕೊಮ್ಮೆ ಇದೇ ವೆಚ್ಚ ಮತ್ತೆ ಮತ್ತೆ ಬರುತ್ತದೆ.

ಆದರೂ ಈ ಕುಟುಂಬಗಳು ಈ ಭಾಗವನ್ನೇ ಹುಡುಕಿಕೊಂಡು ಬರಲು ಬಾಡಿಗೆಯೊಂದೇ ಕಾರಣವಲ್ಲ. ಥಾಣೆಯ ಕೋಲ್ಶೇತ್‌ನಲ್ಲಿ ವಾಯುಪಡೆಯ ನೆಲೆ ಇದೆ. ಉರಣ್ ಬಳಿಯ ಕರಂಜಾದಲ್ಲಿ ನೌಕಾಪಡೆ ಇದೆ. 2024ರ ಜನವರಿ 12ರಂದು ಉರಣ್‌ವರೆಗೆ ಲೋಕಲ್ ರೈಲು ಓಡಲಾರಂಭಿಸಿದ ಮೇಲೆ ಉಲ್ವೆ, ದ್ರೋಣಗಿರಿಗಳಲ್ಲಿ ಮನೆ ಮಾಡಿ ಕರಂಜಾಕ್ಕೆ ಹೋಗಿಬರುವುದು ಸುಲಭವಾಯಿತು. ಅಂಬರನಾಥದ ಆರ್ಡ್ನೆನ್ಸ್ ಫ್ಯಾಕ್ಟರಿಯ ಆವರಣದ ಕೇಂದ್ರೀಯ ವಿದ್ಯಾಲಯ ಇನ್ನೊಂದು ಆಕರ್ಷಣೆ. ಊರಿಂದೂರಿಗೆ ಹೋಗುವ ಮಕ್ಕಳಿಗೆ ಎಲ್ಲೆಡೆ ಒಂದೇ ಪಾಠಕ್ರಮ ಬೇಕಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾದ ಕಾರಣ, ಇಲ್ಲಿ ಕನ್ನಡ ಮಾತು ಕಿವಿಗೆ ಬೀಳುತ್ತದೆ. ಬೆಳಗಾವಿ, ಬಾಗಲಕೋಟೆ, ಗದಗದ ಕಡೆಯ ಹೆಣ್ಣುಮಗಳೊಬ್ಬಳು ಗಂಡ ಹಡಗಿನಲ್ಲಿರುವಾಗ ನಡುರಾತ್ರಿ ಮಗುವಿಗೆ ಜ್ವರ ಬಂದರೆ ಬಾಗಿಲು ತಟ್ಟಿ "ಅಕ್ಕಾರ, ಸ್ವಲ್ಪ ಬರ್ರಿ" ಎನ್ನಲು ಪಕ್ಕದಲ್ಲೊಂದು ಮನೆ ಬೇಕು. ಆ ಮನೆಯವರು ಉಡುಪಿಯವರಾದರೇನು, ಹುಬ್ಬಳ್ಳಿಯವರಾದರೇನು?

ಕಲ್ಯಾಣಿಗೂ ಸೈನಿಕರ ವಸತಿಗೂ ಹಳೆಯ ನಂಟು. ಇಂದಿನ ಉಲ್ಲಾಸನಗರ ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಲ್ಯಾಣ್ ಕ್ಯಾಂಪ್ ಎಂಬ ಸೈನಿಕ ಶಿಬಿರವಾಗಿತ್ತು. ಯುದ್ಧ ಮುಗಿದು ಸೈನಿಕರು ಖಾಲಿ ಮಾಡಿದ ಬ್ಯಾರಕ್‌ಗಳಿಗೆ ದೇಶ ವಿಭಜನೆಯ ಬಳಿಕ ಸಿಂಧಿ ನಿರಾಶ್ರಿತರು ಬಂದರು. 1949ರ ಆಗಸ್ಟ್ 8ರಂದು ಗವರ್ನರ್ ಜನರಲ್ ರಾಜಾಜಿಯವರು ಬಂದು ಹೊಸ ಊರಿಗೆ ಅಡಿಗಲ್ಲು ಹಾಕಿದರು. ಈಗಲೂ ಅಲ್ಲಿ ರಿಕ್ಷಾದವನಿಗೆ ವಿಳಾಸ ಹೇಳುವುದು ಕ್ಯಾಂಪ್ ನಂಬರ್ ಮೂರು, ಕ್ಯಾಂಪ್ ನಂಬರ್ ನಾಲ್ಕು ಎಂದೇ. ಸೈನಿಕರಿಗೆಂದು ಕಟ್ಟಿದ ಸೂರು ಮನೆ ಕಳೆದುಕೊಂಡವರಿಗೆ ಆಸರೆಯಾದ ಊರಿನ ಪಕ್ಕದಲ್ಲೇ ಇಂದು ಸೈನಿಕರ ಕುಟುಂಬಗಳು ಸೂರು ಹುಡುಕುತ್ತಿವೆ.

ಸೇನೆಗೆ ಜಾಗವಿದೆಯಲ್ಲ, ಅಲ್ಲೇ ಕಟ್ಟಿಕೊಳ್ಳಲಿ ಎನ್ನುವವರಿದ್ದಾರೆ. ಅದೂ ಅಷ್ಟು ಸರಳವಲ್ಲ. ಕಲ್ಯಾಣ್ ಬಳಿಯ ನೇವಾಳಿಯಲ್ಲಿ ಯುದ್ಧಕಾಲದಲ್ಲಿ ಬ್ರಿಟಿಷರು ವಿಮಾನ ಇಳಿದಾಣಕ್ಕೆಂದು ಪಡೆದ ಜಮೀನಿಗೆ ನೌಕಾಪಡೆ ಆವರಣ ಕಟ್ಟಲು ಹೊರಟಾಗ 2017ರ ಜೂನ್‌ನಲ್ಲಿ ರೈತರು ರಸ್ತೆಗಿಳಿದು ದೊಡ್ಡ ಗಲಭೆಯೇ ಆಯಿತು. ಕಾರವಾರದ ಸೀಬರ್ಡ್ ಯೋಜನೆಗಾಗಿ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಕಡಲತೀರ ಬಿಟ್ಟುಕೊಟ್ಟವು. ಪರಿಹಾರಕ್ಕಾಗಿ ದಶಕಗಳ ಕಾಲ ಕಚೇರಿಯಿಂದ ಕಚೇರಿಗೆ ಅಲೆದವು. ಉತ್ತರ ಕನ್ನಡದವರಿಗೆ ಆ ನೋವು ಗೊತ್ತು. ಇನ್ನು ಕೊಲಾಬಾದ 31 ಅಂತಸ್ತಿನ ಆದರ್ಶ ಸೊಸೈಟಿಯ ಹಗರಣದಲ್ಲಿ ಕಾರ್ಗಿಲ್ ವಿಧವೆಯರ ಹೆಸರು ಎಷ್ಟು ಕೇಳಿಬಂತು, 2010ರಲ್ಲಿ ಮುಖ್ಯಮಂತ್ರಿಯೊಬ್ಬರ ಕುರ್ಚಿಯೇ ಹೇಗೆ ಹೋಯಿತು ಎಂಬುದನ್ನು ಮುಂಬಯಿಗರು ಮರೆತಿಲ್ಲ. ಸೈನಿಕರಿಗೆ ಮನೆ ಎಂದರೆ ಹೊಸ ಗೋಪುರವೇ ಏಳಬೇಕೆಂದಿಲ್ಲ. ಈಗಾಗಲೇ ಕಟ್ಟಿ ಬೀಗ ಹಾಕಿಟ್ಟ ಮನೆಗಳೇ ಈ ನಾಲ್ಕು ಊರುಗಳಲ್ಲಿ ಬೇಕಾದಷ್ಟಿವೆ.

ಅವುಗಳಲ್ಲಿ ಕನ್ನಡಿಗರದ್ದೂ ಕಡಿಮೆಯಿಲ್ಲ. ಹೊಟೇಲಿನಲ್ಲಿ ರಾತ್ರಿ ಗಿರಾಕಿಗಳು ಹೋದ ಮೇಲೆ ಮೇಜುಗಳನ್ನು ಜೋಡಿಸಿ ಮಲಗಿದ, ಒಂದು ಖೋಲಿಯಲ್ಲಿ ಹತ್ತು ಮಂದಿ ಹಂಚಿಕೊಂಡ, ಪಾಗ್ಡಿಗೆ ಹಣ ಕೂಡಿಸಲಾಗದೆ ಚಾಳಿನಿಂದ ಚಾಳಿಗೆ ಅಲೆದ ಹಿರಿಯರ ಮಕ್ಕಳು ಇಂದು ಡೊಂಬಿವಲಿಯಲ್ಲಿ ಒಂದು, ಘೋಡ್‌ಬಂದರ್ ರಸ್ತೆಯಲ್ಲಿ ಇನ್ನೊಂದು ಫ್ಲ್ಯಾಟ್ ಮಾಡಿದ್ದಾರೆ. ಇದು ಸಂತೋಷದ ವಿಷಯ. ಮಗ ಅಮೆರಿಕದಲ್ಲಿದ್ದಾನೆ, ಬಂದಾಗ ಇರಲಿ ಎಂದು ಎರಡನೆಯ ಮನೆಗೆ ಬೀಗ. ಬಾಡಿಗೆಗೆ ಕೊಟ್ಟರೆ ಬಿಡದಿದ್ದರೆ ಎಂಬ ಭಯದಿಂದ ಇನ್ನೊಂದಕ್ಕೆ ಬೀಗ. ಅಂದು ಊರಿನಿಂದ ಬಂದ ಹುಡುಗನಿಗೆ "ನಮ್ಮವ" ಎಂಬ ಒಂದೇ ಕಾರಣಕ್ಕೆ ಜಾಗ ಸಿಗುತ್ತಿತ್ತು. ಹೆಸರು, ಊರು, ಯಾರ ಮಗ ಎಂದು ಹೇಳಿದರೆ ಸಾಕಿತ್ತು.

ಮನೆ ಮಾಲಕರ ಭಯವನ್ನು ಹೀಗಳೆಯುವಂತಿಲ್ಲ. ಅದಕ್ಕೆ ಆಧಾರಗಳಿವೆ, ಅವುಗಳಲ್ಲಿ ಹೊಸದೊಂದು ಬಹಳ ಕೆಟ್ಟದ್ದು. ಇತ್ತೀಚಿನ ವರ್ಷಗಳಲ್ಲಿ ಬಾಡಿಗೆ ಮನೆಯ ಜಾಹೀರಾತು ನೋಡಿ "ನಾನು ಆರ್ಮಿಯವನು, ಮುಂಬಯಿಗೆ ಟ್ರಾನ್ಸ್‌ಫರ್ ಆಗಿದೆ" ಎಂದು ಫೋನ್ ಮಾಡುವ ವಂಚಕರ ಜಾಲ ದೇಶದೆಲ್ಲೆಡೆ ಹಬ್ಬಿದೆ. ಮನೆ ನೋಡುವುದೇ ಬೇಡ, ಫೋಟೋ ಸಾಕು ಎನ್ನುತ್ತಾರೆ. ಸಮವಸ್ತ್ರದ ಚಿತ್ರ, ಗುರುತಿನ ಚೀಟಿ, ಕ್ಯಾಂಟೀನ್ ಕಾರ್ಡು ಎಲ್ಲವನ್ನೂ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾರೆ. ಡಿಪಾಸಿಟ್ ಈಗಲೇ ಹಾಕುತ್ತೇನೆ, ಸೇನೆಯ ಲೆಕ್ಕಪತ್ರದ ಕ್ರಮ ಬೇರೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಎನ್ನುತ್ತಾರೆ. ಸ್ಕ್ಯಾನ್ ಮಾಡಿ ಪಿನ್ ಒತ್ತಿದೊಡನೆ ಹಣ ಬರುವುದಿಲ್ಲ, ಮಾಲಕರ ಖಾತೆಯಿಂದಲೇ ಹೋಗುತ್ತದೆ. ಸೈನಿಕನ ಮೇಲಿನ ಗೌರವವನ್ನೇ ಬಂಡವಾಳ ಮಾಡಿಕೊಂಡ ಈ ಮೋಸದಿಂದ ನಿಜವಾದ ಸೈನಿಕರಿಗೆ ಆದ ನಷ್ಟ ಹಣದ ಲೆಕ್ಕಕ್ಕೆ ಸಿಗುವಂಥದ್ದಲ್ಲ. "ಆರ್ಮಿಯವರು" ಎಂದೊಡನೆ ಫೋನ್ ಇಡುವವರು ಹೆಚ್ಚಾಗಿದ್ದಾರೆ.

ಹಣ ಪಡೆಯುವವರು ಯಾವ ಕೋಡನ್ನೂ ಸ್ಕ್ಯಾನ್ ಮಾಡಬೇಕಾಗಿಲ್ಲ, ಪಿನ್ ಒತ್ತಬೇಕಾಗಿಲ್ಲ. ಇಷ್ಟು ನೆನಪಿದ್ದರೆ ಅರ್ಧ ಅಪಾಯ ತಪ್ಪುತ್ತದೆ. ಇನ್ನರ್ಧ ತಪ್ಪಬೇಕಾದರೆ ಮನೆ ಕೇಳುವವರು ಎದುರಿಗೆ ಬರಬೇಕು. ಯೋಧನಿಗೆ ಬರಲಾಗದಿದ್ದರೆ ಹೆಂಡತಿ ಬರಲಿ, ಮಾವ ಬರಲಿ, ಸೋದರಮಾವ ಬರಲಿ. ಅವರನ್ನು ಕಂಡು, ಮಾತಾಡಿಸಿ, ಊರು ಕೇರಿ ವಿಚಾರಿಸಿ ಮಾಲಕರಿಗೆ ಪರಿಚಯಿಸುವ ಕೆಲಸವನ್ನು ಸಂಘದ ಕಚೇರಿಗಿಂತ ಚೆನ್ನಾಗಿ ಯಾವ ಜಾಲತಾಣವೂ ಮಾಡಲಾರದು. ಮಂಜುನಾಥ ವಿದ್ಯಾಲಯದಂತಹ ಶಾಲೆಯನ್ನೇ ನಡೆಸಿಕೊಂಡು ಬಂದ ಡೊಂಬಿವಲಿಯ ಕರ್ನಾಟಕ ಸಂಘಕ್ಕಾಗಲಿ, ನವಿಮುಂಬಯಿ, ಥಾಣೆ, ಕಲ್ಯಾಣ್‌ಗಳ ಸಂಘಗಳಿಗಾಗಲಿ ಇದು ದೊಡ್ಡ ಕೆಲಸವಲ್ಲ. ಒಂದು ದಪ್ಪ ಪುಸ್ತಕ, ವಾರಕ್ಕೆರಡು ಸಂಜೆ ಕೂರಬಲ್ಲ ಒಬ್ಬ ನಿವೃತ್ತ ಸದಸ್ಯರು ಇದ್ದರೆ ಸಾಕು. ಆ ಸದಸ್ಯರು ಮಾಜಿ ಸೈನಿಕರಾದರೆ ಇನ್ನೂ ಒಳ್ಳೆಯದು, ಎರಡು ಮಾತಿನಲ್ಲಿ ನಿಜ ಸುಳ್ಳು ತಿಳಿದುಬಿಡುತ್ತದೆ.

ಒಂದು ಎಚ್ಚರಿಕೆ ಅಗತ್ಯ. ಆ ಪುಸ್ತಕ ಮನೆಗಳ ಪಟ್ಟಿಯಾಗಿರಲಿ, ಕುಟುಂಬಗಳ ಪಟ್ಟಿಯಾಗುವುದು ಬೇಡ. ಯಾರ ಗಂಡ ಯಾವ ಹಡಗಿನಲ್ಲಿದ್ದಾನೆ, ಯಾವ ಪಲ್ಟನ್ನಿನಲ್ಲಿದ್ದಾನೆ, ಯಾವಾಗ ಬರುತ್ತಾನೆ ಎಂಬುದು ಸಂಘದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಓಡಾಡಬೇಕಾದ ಮಾಹಿತಿಯಲ್ಲ. ಹೆಂಗಸು ಮಕ್ಕಳು ಮಾತ್ರ ಇರುವ ಮನೆ ಯಾವುದೆಂದು ಊರಿಗೆಲ್ಲ ಸಾರಿದಂತಾಗುತ್ತದೆ. ಉತ್ಸಾಹದಲ್ಲಿ ಫೋಟೋ ಹಾಕುವವರಿಗೆ ಪದಾಧಿಕಾರಿಗಳು ಮೊದಲೇ ಹೇಳಿಡುವುದು ಲೇಸು.

ಬಾಡಿಗೆದಾರ ಬಿಡದಿದ್ದರೆ ಎಂಬ ಹಳೆಯ ಭಯಕ್ಕೆ ಉತ್ತರ ಕಾನೂನಿನಲ್ಲಿದೆ. ಪಾಗ್ಡಿ ಕಾಲದ ಕಥೆಗಳನ್ನು ಕೇಳಿ ಬೆಳೆದವರಿಗೆ 2000ದ ಮಾರ್ಚ್ 31ರಂದು ಜಾರಿಗೆ ಬಂದ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ ವಿಷಯ ಪೂರ್ತಿ ತಿಳಿದಿರಲಿಕ್ಕಿಲ್ಲ. ಅದರ 24ನೆಯ ಕಲಮಿನಂತೆ ಲೀವ್ ಆ್ಯಂಡ್ ಲೈಸೆನ್ಸ್ ಅವಧಿ ಮುಗಿದ ಮೇಲೂ ಮನೆ ಬಿಡದವರು ಬಾಡಿಗೆಯ ಎರಡು ಪಟ್ಟು ತೆರಬೇಕಾಗುತ್ತದೆ. ಮಾಲಕರು ಸಿವಿಲ್ ಕೋರ್ಟಿನಲ್ಲಿ ವರ್ಷಗಟ್ಟಲೆ ಅಲೆಯದೆ ಸಕ್ಷಮ ಪ್ರಾಧಿಕಾರದ ಮುಂದೆ ಹೋಗಬಹುದು. ಆದರೆ ಕರಾರು ಬರಹದಲ್ಲಿದ್ದು ನೋಂದಣಿಯಾಗಿರಬೇಕು. ಆ ಹೊಣೆ 55ನೆಯ ಕಲಮಿನಂತೆ ಮಾಲಕರದ್ದೇ. ಪೊಲೀಸ್ ಠಾಣೆಗೆ ಬಾಡಿಗೆದಾರರ ಮಾಹಿತಿ ಕೊಡುವುದೂ ಅಷ್ಟೇ ಮುಖ್ಯ. ನೋಂದಣಿಯ ಖರ್ಚು ಉಳಿಸಲು ಬಾಯಿಮಾತಿನಲ್ಲಿ ಮನೆ ಕೊಟ್ಟು ಆಮೇಲೆ ಕಾನೂನನ್ನು ದೂರಿದರೆ ಪ್ರಯೋಜನವಿಲ್ಲ. ಇದೇ ಕಾಯ್ದೆಯ 23ನೆಯ ಕಲಮು ಸೈನಿಕನೇ ಮಾಲಕನಾಗಿದ್ದು ತನ್ನ ವಾಸಕ್ಕೆ ಮನೆ ಬೇಕಾದಾಗ ಅದನ್ನು ಹಿಂದಕ್ಕೆ ಪಡೆಯಲು ವಿಶೇಷ ಅವಕಾಶ ಕೊಟ್ಟಿದೆ. ದೂರದ ಊರಿನಲ್ಲಿರುವ, ನವಿಮುಂಬಯಿಯಲ್ಲಿ ಫ್ಲ್ಯಾಟ್ ಖಾಲಿ ಇಟ್ಟಿರುವ ಸೈನಿಕರೇ ಇನ್ನೊಬ್ಬ ಸೈನಿಕನಿಗೆ ಧೈರ್ಯವಾಗಿ ಬಾಡಿಗೆಗೆ ಕೊಡಬಹುದು ಎಂದಾಯಿತು.

ಕಾನೂನು ಬಲ್ಲ ಕೆಲವರು 1925ರ ಭಾರತೀಯ ಸೈನಿಕರ ದಾವೆ ಕಾಯ್ದೆಯನ್ನು ಮುಂದೊಡ್ಡಬಹುದು. ಸಮುದ್ರದಾಚೆ ಅಥವಾ ಯುದ್ಧದ ಸ್ಥಿತಿಯಲ್ಲಿ ಸೇವೆಯಲ್ಲಿರುವ ಸೈನಿಕನ ಮೇಲಿನ ದಾವೆಯನ್ನು ಅವನು ಬರುವವರೆಗೆ ಮುಂದೂಡುವ ಅವಕಾಶ ಅದರಲ್ಲಿರುವುದು ನಿಜ. ತನ್ನ ಬೆನ್ನ ಹಿಂದೆ ತನಗೆ ವಿರುದ್ಧವಾಗಿ ತೀರ್ಪಾಗಬಾರದೆಂಬ ನ್ಯಾಯವಾದ ರಕ್ಷಣೆ ಅದು. ಮಾಲಕರಿಗೆ ಇದರಿಂದ ಕಿರಿಕಿರಿಯಾಗಬಹುದೆಂದು ಒಪ್ಪೋಣ. ಆದರೆ ಮನೆ ಬಿಡದೆ ಕುಳಿತ ಸೈನಿಕ ಕುಟುಂಬವೆಂಬುದು ಹೆದರಿಕೆಯ ಕಲ್ಪನೆಯಲ್ಲಿ ಇರುವಷ್ಟು ಊರಿನಲ್ಲಿ ಇಲ್ಲ. ಅವರ ಕಷ್ಟ ಅದರ ತದ್ವಿರುದ್ಧ. ಇನ್ನೂ ಇರಬೇಕೆಂದರೂ ಇರಗೊಡದ ವರ್ಗಾವಣೆ ಅವರದ್ದು.

ನಿಜವಾದ ತೊಡಕು ಲಾಕ್-ಇನ್ ಎಂಬ ಶರತ್ತಿನಲ್ಲಿದೆ. ಇಷ್ಟು ತಿಂಗಳ ಮೊದಲು ಬಿಟ್ಟರೆ ಉಳಿದ ಬಾಡಿಗೆ ಡಿಪಾಸಿಟ್‌ನಿಂದ ಮುರಿದುಕೊಳ್ಳುವುದು ಎಂದು ದಲಾಲರ ಅಚ್ಚಿನ ಕರಾರಿನಲ್ಲಿ ಬರೆದಿರುತ್ತದೆ. ಐದನೆಯ ತಿಂಗಳಿಗೆ ಆದೇಶ ಬಂದ ಯೋಧ ಏನು ಮಾಡಬೇಕು? ಅಮೆರಿಕದಲ್ಲಿ 2003ರ ಒಂದು ಕಾನೂನಿನಂತೆ ವರ್ಗಾವಣೆ ಅಥವಾ ದೀರ್ಘ ನಿಯೋಜನೆಯ ಆದೇಶ ತೋರಿಸಿ ಸೈನಿಕ ಬಾಡಿಗೆ ಕರಾರಿನಿಂದ ಹೊರಬರಬಹುದು. ಇಲ್ಲಿ ಅದನ್ನು ಕರಾರಿನಲ್ಲೇ ಒಂದು ಸಾಲಾಗಿ ಬರೆದುಕೊಂಡರಾಯಿತು: ವರ್ಗಾವಣೆಯ ಆದೇಶವಿದ್ದರೆ ಒಂದು ತಿಂಗಳ ನೋಟಿಸು ಸಾಕು, ಲಾಕ್-ಇನ್ ಅನ್ವಯಿಸದು. ಸಂಘಗಳಲ್ಲಿರುವ ವಕೀಲ ಸದಸ್ಯರು ಇಂಥದೊಂದು ಮಾದರಿ ಕರಾರನ್ನು ಒಮ್ಮೆ ಸಿದ್ಧಪಡಿಸಿಟ್ಟರೆ ಎಷ್ಟೋ ಜನರ ಡಿಪಾಸಿಟ್ ಉಳಿಯುತ್ತದೆ. ನೋಂದಣಿಗೆ ಹೆಬ್ಬೆಟ್ಟಿನ ಗುರುತು ಬೇಕು, ಗಂಡ ಅರಬಿ ಸಮುದ್ರದ ನಡುವೆ ಇದ್ದಾನೆ ಎಂಬ ಪೇಚಾಟವೂ ಬೇಡ. ಕರಾರು ಹೆಂಡತಿಯ ಹೆಸರಿನಲ್ಲಿ ಆಗಲು ಕಾನೂನಿನ ಅಡ್ಡಿಯೇನೂ ಇಲ್ಲ.

ಇನ್ನು ಸೊಸೈಟಿಗಳ ವಿಚಾರ. ಎಷ್ಟೋ ಬಿಲ್ಡಿಂಗ್‌ಗಳ ಆಡಳಿತ ಸಮಿತಿಗಳಲ್ಲಿ ಕನ್ನಡಿಗರೇ ಕಾರ್ಯದರ್ಶಿ, ಖಜಾಂಚಿ. ಬಾಡಿಗೆಗೆ ಕೊಟ್ಟ ಮನೆಗೆ ವಿಧಿಸುವ ಹೆಚ್ಚುವರಿ ಶುಲ್ಕ ಸೇವಾ ಶುಲ್ಕದ ಶೇಕಡಾ 10ನ್ನು ಮೀರಕೂಡದೆಂದು ರಾಜ್ಯ ಸರಕಾರ 2001ರಲ್ಲೇ ಆದೇಶ ಹೊರಡಿಸಿದೆ. ಆದರೂ ಕೆಲವೆಡೆ ಮನಬಂದಂತೆ ವಸೂಲಿ, "ಫ್ಯಾಮಿಲಿ ಇದ್ದರೆ ಮಾತ್ರ" ಎಂಬ ಫಲಕ. ತಾಯಿ ಮತ್ತು ಎರಡು ಮಕ್ಕಳು ಫ್ಯಾಮಿಲಿಯಲ್ಲವೇ? ರಜೆಯಲ್ಲಿ ಬಂದ ಗಂಡನನ್ನು ವಾಚ್‌ಮನ್ ಗೇಟಿನಲ್ಲಿ ತಡೆದು "ಯಾರ ಮನೆಗೆ?" ಎಂದು ಕೇಳುವುದು ತಮಾಷೆಯಾಗಿ ಕಾಣಬಹುದು, ಆರು ತಿಂಗಳ ಬಳಿಕ ಮಕ್ಕಳನ್ನು ನೋಡಲು ಬಂದವನಿಗೆ ಅದು ತಮಾಷೆಯಲ್ಲ. ಇದನ್ನು ಸರಿಪಡಿಸಲು ಸಂಘವೂ ಬೇಡ, ಸರಕಾರವೂ ಬೇಡ. ಸಮಿತಿಯಲ್ಲಿರುವ ಒಬ್ಬರು ಬಾಯಿಬಿಟ್ಟು ಹೇಳಿದರೆ ಆಯಿತು.

ಬಾಡಿಗೆಯನ್ನು ಪೂರ್ತಿ ಬಿಡಬೇಕೆಂದು ಯಾರೂ ಕೇಳುತ್ತಿಲ್ಲ. ಮಾಲಕರಿಗೂ ಬ್ಯಾಂಕಿನ ಕಂತಿದೆ, ಪಾಲಿಕೆಯ ತೆರಿಗೆಯಿದೆ. ದಲಾಲಿ ಇಲ್ಲದ ಮನೆ, ಎರಡು ತಿಂಗಳಿಗೆ ಮೀರದ ಡಿಪಾಸಿಟ್, ಮಾರುಕಟ್ಟೆಗಿಂತ ತುಸು ಕಡಿಮೆ ಬಾಡಿಗೆ, ಇಷ್ಟಾದರೆ ಹವಾಲ್ದಾರನ ಲೆಕ್ಕ ಹೇಗೋ ಕೂಡಿಬರುತ್ತದೆ. ಅಷ್ಟೂ ಆಗದವರು ತಮ್ಮ ಬಿಲ್ಡಿಂಗಿನಲ್ಲಿ ಖಾಲಿ ಇರುವ ಮನೆಯ ಸುದ್ದಿಯನ್ನಾದರೂ ಸಂಘಕ್ಕೆ ಮುಟ್ಟಿಸಬಹುದು.

ಮಹಾರಾಷ್ಟ್ರದ ಶಾಲೆಗಳು ಜೂನ್ ನಡುವೆ ತೆರೆಯುತ್ತವೆ, ಕೇಂದ್ರೀಯ ವಿದ್ಯಾಲಯಗಳ ವರ್ಷ ಏಪ್ರಿಲ್‌ನಲ್ಲೇ ಆರಂಭ. ಮನೆ ಹುಡುಕುವವರು ಬಾಗಿಲು ತಟ್ಟುವುದು ಅದಕ್ಕೂ ಮೊದಲೇ. ಸಂಘಗಳ ಕಾರ್ಯಕಾರಿ ಸಮಿತಿಗಳು ಗಣರಾಜ್ಯೋತ್ಸವದ ಸನ್ಮಾನಕ್ಕೆ ಹೆಸರು ಆರಿಸಲು ಸಭೆ ಸೇರುವಾಗ ಕಾರ್ಯಸೂಚಿಗೆ ಇದೊಂದು ವಿಷಯವನ್ನೂ ಸೇರಿಸಿ, ಬೀಗ ಹಾಕಿದ ಮನೆ ಯಾರ ಯಾರದ್ದಿದೆ ಎಂದು ಆ ಸಭೆಯಲ್ಲಿ ಕುಳಿತವರನ್ನೇ ಮೊದಲು ಕೇಳಲಿ.